ಗ್ಯಾರಂಡ್ ಕೋವಿ ಮುಷ್ಕರ ಹೂಡಿದಾಗ: ಗ್ರೀಸಿನಿಂದ ಶುರು, ಗನ್‌ಸ್ಮಿತ್ ಕೊನೆಗೆ

ನಮ್ಮ ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂದು ತೋಟೆ ಕೋವಿ ಇತ್ತು. ಎಲೆಕ್ಷನ್ ಬಂತೆಂದರೆ ಅದನ್ನು ಠಾಣೆಯಲ್ಲಿ ಡಿಪಾಸಿಟ್ ಇಡಬೇಕು. ಎಲ್ಲ ಮುಗಿದು ವಾಪಸ್ ತರುವಷ್ಟರಲ್ಲಿ ನಳಿಗೆಗೆ ಕೆಂಪು ತುಕ್ಕು ಹತ್ತಿರುತ್ತಿತ್ತು. ಅಜ್ಜ ಬೈಯುತ್ತಿರಲಿಲ್ಲ, ರಿಪೇರಿಗೂ ಕಳಿಸುತ್ತಿರಲಿಲ್ಲ. ಜಗಲಿಯ ಮೇಲೆ ಹಳೇ ಪಂಚೆಯ ತುಂಡು, ಎಣ್ಣೆ ಬಟ್ಟಲು ಇಟ್ಟುಕೊಂಡು ಕೂತುಬಿಡುತ್ತಿದ್ದರು. ಒರೆಸಿ ಆದಮೇಲೂ ಸರಿಯಾಗದೆ ಉಳಿದದ್ದಷ್ಟೇ ಅವರ ಲೆಕ್ಕದಲ್ಲಿ 'ಕೆಟ್ಟಿರುವುದು'.

ಓಹಾಯೋದಲ್ಲಿ ಎಂ1 ಗ್ಯಾರಂಡ್ ಕೊಂಡು ವರ್ಷಗಳಾದ ಮೇಲೆ ಅಜ್ಜನ ಲೆಕ್ಕ ಇದಕ್ಕೂ ಸರಿಹೊಂದುತ್ತದೆ ಅನ್ನಿಸಿದೆ. ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ, ಎರಡನೇ ಮಹಾಯುದ್ಧದಲ್ಲೂ ಕೊರಿಯಾದಲ್ಲೂ ಹೊತ್ತು ತಿರುಗಿದ ಕೋವಿ ಇದು. ಜಾನ್ ಗ್ಯಾರಂಡ್ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ರೂಪಿಸಿದ್ದು. ಒಟ್ಟು 50 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಇವತ್ತು ಕೈಗೆ ಸಿಗುವ ಒಂದೊಂದರಲ್ಲೂ ನಾಲ್ಕೈದು ಕಡೆಯ ಬಿಡಿಭಾಗಗಳು ಕಲಸಿರುತ್ತವೆ. ರಿಸೀವರ್ (ಉಳಿದ ಭಾಗಗಳೆಲ್ಲ ಕೂರುವ ಉಕ್ಕಿನ ಮೈ) ಒಂದು ವರ್ಷದ್ದು, ನಳಿಗೆ ಇನ್ನೊಂದು ವರ್ಷದ್ದು, ಮರ ಯಾವತ್ತಿನದೋ. ಹಾಗಾಗಿ ಏನಾದರೂ ಎಡವಟ್ಟಾದ ಕೂಡಲೇ ಯಾವ ಭಾಗ ಬದಲಿಸಲಿ ಎನ್ನುವ ಯೋಚನೆ ಬರುವುದು ಸಹಜ. ಅದನ್ನು ಸ್ವಲ್ಪ ತಡೆದುಕೊಳ್ಳಿ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು, ಯಾಕೆಂದರೆ ಇಲ್ಲಿರುವ ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ವಿನಾಯಿತಿಗಳು ಕೆಲವೇ. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. ಆದರೆ ಸೇನೆಯ ಹಳೇ ಗ್ಯಾರಂಡ್‌ಗಳನ್ನು ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಪೌರತ್ವದ ದಾಖಲೆ ಕೇಳುತ್ತದೆ. ಇದರ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ ಬೇರೆ. ಊರಿನಲ್ಲಂತೂ ಇದು ಮಾಮೂಲಿ ಲೈಸೆನ್ಸಿನ ಮೇಲೆ ಸಿಗುವ ವಸ್ತುವಲ್ಲ. ಓದಿ ಖುಷಿಪಡಲು ಅಡ್ಡಿಯಿಲ್ಲ.

## ಬಿಚ್ಚುವ ಮೊದಲು

ಬೋಲ್ಟನ್ನು, ಅಂದರೆ ತೋಟೆಯ ಹಿಂದೆ ಬಾಗಿಲಿನಂತೆ ಮುಚ್ಚುವ ಉಕ್ಕಿನ ತುಂಡನ್ನು, ಪೂರ್ತಿ ಹಿಂದಕ್ಕೆ ಎಳೆಯಿರಿ. ಒಳಗಿದ್ದ ತೋಟೆ ಹೊರಗೆ ಬೀಳುತ್ತದೆ. ಎಳೆದ ಹಿಡಿ ಬಿಡದೆ ಎಡಗಡೆಯ ಕ್ಲಿಪ್ ಲ್ಯಾಚ್ ಒತ್ತಿದರೆ ಉಳಿದ ಗುಂಡುಗಳ ಸಮೇತ ಅವನ್ನು ಹಿಡಿದಿರುವ ತಗಡಿನ ಕ್ಲಿಪ್ ಮೇಲಕ್ಕೆ ಬರುತ್ತದೆ. ಆಮೇಲೆ ಚೇಂಬರನ್ನು (ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡನ್ನು) ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಗುಂಡಿನ ಡಬ್ಬಿಯನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಮನೆಯಲ್ಲಿ ಮಾಡುವಂಥವೆಲ್ಲ ಖಾಲಿ ಕೋವಿಯಲ್ಲಿ, ಇಲ್ಲವೇ ಮದ್ದಾಗಲಿ ಅದಕ್ಕೆ ಕಿಡಿ ಹಚ್ಚುವ ಕೇಪಾಗಲಿ ಇಲ್ಲದ ಡಮ್ಮಿ ತೋಟೆಯಲ್ಲಿ.

ಇನ್ನು ಹೆಬ್ಬೆರಳು. ತೆರೆದ ಬೋಲ್ಟ್ ಯಾವ ಕ್ಷಣದಲ್ಲಾದರೂ ಮುಂದಕ್ಕೆ ಹಾರಬಹುದು. ಬೆರಳು ಒಳಗಿದ್ದರೆ ಉಗುರು ಕಪ್ಪಾಗುವುದು ಗ್ಯಾರಂಟಿ. ಇಲ್ಲಿನವರು ಇದಕ್ಕೆ 'ಎಂ1 ಥಂಬ್' ಎಂದೇ ಹೆಸರಿಟ್ಟಿದ್ದಾರೆ. ಒಳಗೆ ಬೆರಳಿಡುವಾಗಲೆಲ್ಲ ಬಲ ಅಂಗೈಯ ಅಂಚಿನಿಂದ ಆಪ್ ರಾಡಿನ (ಬೋಲ್ಟನ್ನು ಓಡಿಸುವ ಆಪರೇಟಿಂಗ್ ರಾಡಿನ) ಹಿಡಿಯನ್ನು ತಡೆದು ಹಿಡಿದಿರಿ. ನನ್ನ ಉಗುರು ಮೊದಲಿನಂತಾಗಲು ತಿಂಗಳುಗಟ್ಟಲೆ ಹಿಡಿಯಿತು.

ಕಣ್ಣಿನ ಕನ್ನಡಕ, ಕಿವಿಯ ಮುಚ್ಚಳ ಎರಡನ್ನೂ ಬೇರೆಯಾಗಿ ಹೇಳಬೇಕಿಲ್ಲ.

## 'ಪ್ರತಿ ಗುಂಡಿಗೂ ಕೈಯಲ್ಲೇ ಎಳೀಬೇಕಾಗಿದೆ'

ಅತಿ ಹೆಚ್ಚು ಬರುವ ದೂರು ಇದೇ. ಈಡು ಹಾರುತ್ತದೆ, ಆದರೆ ಖಾಲಿ ತೋಟೆ ಹೊರಗೆ ಬರುವುದಿಲ್ಲ. ಇಲ್ಲವೇ ಬಂದರೂ ದೂರ ಹೋಗದೆ ಮೊಣಕೈ ಹತ್ತಿರ ಪುಸಕ್ಕನೆ ಬೀಳುತ್ತದೆ, ಹೊಸ ತೋಟೆ ಏರುವುದಿಲ್ಲ. ಅಂದರೆ ಬೋಲ್ಟ್ ಎಷ್ಟು ಹಿಂದಕ್ಕೆ ಹೋಗಬೇಕೋ ಅಷ್ಟು ಹೋಗುತ್ತಿಲ್ಲ. ಚೆನ್ನಾಗಿರುವ ಗ್ಯಾರಂಡ್ ಖಾಲಿ ತೋಟೆಯನ್ನು ಬಲಗಡೆ ಮುಂದಕ್ಕೆ ಜೋರಾಗಿಯೇ ಎಸೆಯುತ್ತದೆ.

ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ಇದರ ಹೊಟ್ಟೆಯೊಳಗಿನ ಸಂಗತಿ ಒಂದಿಷ್ಟು ಗೊತ್ತಿರಬೇಕು. ನಳಿಗೆಯ ಮೂತಿಯ ಹತ್ತಿರ ಕೆಳಗಡೆ ಒಂದು ಸಣ್ಣ ತೂತಿದೆ. ಗುಂಡು ಅದನ್ನು ದಾಟಿ ಹೊರಬೀಳುವ ಚಿಟಿಕೆ ಹೊತ್ತಿನಲ್ಲಿ ಬಿಸಿ ಗ್ಯಾಸ್ ಆ ತೂತಿನಿಂದ ಗ್ಯಾಸ್ ಸಿಲಿಂಡರಿಗೆ ನುಗ್ಗಿ ಆಪರೇಟಿಂಗ್ ರಾಡಿನ ತುದಿಯ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಆ ಉದ್ದನೆಯ ರಾಡು ಬೋಲ್ಟನ್ನು ತಿರುಗಿಸಿ, ಬಿಚ್ಚಿ, ಹಿಂದಕ್ಕೆ ಎಳೆದೊಯ್ಯುತ್ತದೆ. ಗ್ಯಾಸಿನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಉಳಿದದ್ದೆಲ್ಲ ಆ ಒಂದು ತಳ್ಳಿನ ಬಲದಲ್ಲೇ ಆಗಬೇಕು. ದಾರಿಯಲ್ಲಿ ಎಲ್ಲಾದರೂ ಉಜ್ಜಿದರೆ ಅಷ್ಟು ಬಲ ಅಲ್ಲೇ ಕರಗುತ್ತದೆ.

ಗ್ರೀಸ್. ಈ ಕೋವಿಗೆ ಬರೀ ಎಣ್ಣೆ ಸಾಲದು. ನಾಲ್ಕು ಈಡು ಹಾರಿಸುವಷ್ಟರಲ್ಲಿ ಕಾದು ಹರಿದುಹೋಗುತ್ತದೆ. ಬೋಲ್ಟಿನ ಬಲಗಡೆಯ ಕಿವಿ ಆಪ್ ರಾಡಿನ ಗುಬ್ಬಿಯೊಳಗೆ ಕೂರುವ ಜಾಗ, ರಿಸೀವರಿನಲ್ಲಿ ರಾಡು ಓಡಾಡುವ ಕಾಲುವೆ, ಬೋಲ್ಟಿನ ಕಿವಿಗಳು ಸರಿಯುವ ದಾರಿ, ಬೋಲ್ಟಿನ ಹೊಟ್ಟೆ ಉಜ್ಜುವ ಕುದುರೆಯ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯ) ತಲೆ, ನಳಿಗೆಯ ಅಡಿಯಲ್ಲಿ ರಾಡು ತಾಗುವ ಕಡೆ: ಇಷ್ಟಕ್ಕೂ ಒಂದೊಂದು ಕಡಲೆಕಾಳಿನಷ್ಟು ಗ್ರೀಸ್ ಹಚ್ಚಿ ಬೆರಳಿನಿಂದ ಸವರಿ. ಬೆರಳಿಗೆ ಬೆಳ್ಳಗೆ ಜಾರುಜಾರಾಗಿ ಹತ್ತಬೇಕು. ಕಪ್ಪು ಪುಡಿ ಹತ್ತಿದರೆ ಹಳೆಯದು ಒಣಗಿದೆ ಎಂದೇ ಲೆಕ್ಕ, ಒರೆಸಿ ಹೊಸದು ಹಚ್ಚಿ. ಗ್ಯಾಸ್ ಸಿಲಿಂಡರಿನ ಒಳಗೆ ಮತ್ತು ಪಿಸ್ಟನ್ ತುದಿಗೆ ಮಾತ್ರ ಎಣ್ಣೆಯೂ ಬೇಡ, ಗ್ರೀಸೂ ಬೇಡ. ಅಲ್ಲಿ ಹಚ್ಚಿದ್ದು ಸುಟ್ಟು ಇದ್ದಿಲಾಗಿ ಕಚ್ಚಿಕೊಳ್ಳುತ್ತದೆ.

ಗ್ಯಾಸ್ ಸಿಲಿಂಡರಿನ ಸ್ಕ್ರೂ. ಮೂತಿಯ ಕೆಳಗಡೆ ಕಾಣುವ ದೊಡ್ಡ ತಿರುಪು ಸಡಿಲವಾದರೆ ಗ್ಯಾಸ್ ಅಲ್ಲಿಂದಲೇ ಸೋರಿಹೋಗುತ್ತದೆ. ಸಿಲಿಂಡರನ್ನು ನಳಿಗೆಗೆ ಬಿಗಿಯುವ ಗ್ಯಾಸ್ ಸಿಲಿಂಡರ್ ಲಾಕನ್ನು ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ ನೇರ ಕೆಳಕ್ಕೆ ತನ್ನಿ. ಕೆಳಗೆ ಬಂದಮೇಲೂ ತಿರುಗುತ್ತಿದ್ದರೆ ಒತ್ತಾಯ ಮಾಡದೆ ಸ್ವಲ್ಪ ಹಿಂದಕ್ಕೆ ತಂದು ನೇರ ಮಾಡಿ. ಆಮೇಲೆ ತಿರುಪನ್ನು ಸರಿಯಾದ ಅಗಲದ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿ. ರೇಂಜಿನಲ್ಲಿ ಒಂದೆರಡು ಕ್ಲಿಪ್ ಹಾರಿಸಿದ ಮೇಲೆ ಮತ್ತೊಮ್ಮೆ ನೋಡಿ, ಆದರೆ ಬಿಸಿಯಾಗಿರುತ್ತದೆ, ಜೋಪಾನ.

ಮೈಸೂರಿನ ಗೆಳೆಯನೊಬ್ಬ ಭಾನುವಾರ ಮಧ್ಯಾಹ್ನ ಫೋನ್ ಮಾಡಿ, "ಗುರೂ, ನಂದು ಕೆಟ್ಟೋಯ್ತು ಕಣೋ. ಹೊಸ ಸ್ಪ್ರಿಂಗ್ ಹಾಕ್ದೆ, ಆದ್ರೂ ಕೈಯಲ್ಲೇ ಎಳೀಬೇಕು" ಅಂದ. ವಿಡಿಯೋ ಕಾಲಿನಲ್ಲಿ ಕೋವಿ ತೋರಿಸು ಅಂದೆ. ತಿರುಪಿಗೆ ಹೆಬ್ಬೆರಳು ಇಟ್ಟು ತಿರುಗಿಸು ಅಂದರೆ ಸಲೀಸಾಗಿ ತಿರುಗಿತು. "ಅಯ್ಯೋ, ಇದನ್ನೂ ಬಿಗಿ ಮಾಡ್ಬೇಕಾ?" ಅಂದವನು ಮುಂದಿನ ವಾರ ಎಂಟಕ್ಕೆ ಎಂಟೂ ಓಡಿದವು ಎಂದು ಮೆಸೇಜ್ ಕಳಿಸಿದ. ಸ್ಪ್ರಿಂಗಿನ ದುಡ್ಡು ಮಾತ್ರ ಹೋಯಿತು.

ಗುಂಡು. ಈ ಕೋವಿ ಹುಟ್ಟಿದ್ದು 30-06 ಅಳತೆಯ ಸೇನೆಯ ಎಂ2 ಬಾಲ್ ಗುಂಡಿಗೆ. ಸುಮಾರು 150 ಗ್ರೇನ್ ತೂಕ, ಅಂದರೆ 10 ಗ್ರಾಂಗೆ ಸ್ವಲ್ಪ ಕಡಿಮೆ. ತೀರಾ ಸಪ್ಪೆ ಮದ್ದು ತುಂಬಿದ ಕೈ ತಯಾರಿಯ ತೋಟೆಗಳಲ್ಲಿ ಬೋಲ್ಟ್ ಅರ್ಧಕ್ಕೇ ನಿಲ್ಲುವುದುಂಟು. ಇದರ ಉಲ್ಟಾ ಇನ್ನೂ ಅಪಾಯ. ಜಿಂಕೆ ಬೇಟೆಗೆಂದು ಅಂಗಡಿಯಲ್ಲಿ ಮಾರುವ 180 ಗ್ರೇನಿನ ಭಾರದ ಗುಂಡುಗಳಲ್ಲಿ ಎಷ್ಟೋ ಸಲ ನಿಧಾನವಾಗಿ ಉರಿಯುವ ಮದ್ದಿರುತ್ತದೆ. ಗುಂಡು ಆ ತೂತನ್ನು ದಾಟುವ ಹೊತ್ತಿಗೆ ಒತ್ತಡ ಇಳಿದಿರುವುದೇ ಇಲ್ಲ. ಆ ಏಟಿಗೆ ರಾಡು ಬಾಗುತ್ತದೆ. ಡಬ್ಬಿಯ ಮೇಲೆ 'ಎಂ1 ಗ್ಯಾರಂಡ್‌ಗೆ' ಎಂದು ಬರೆದಿರುವುದನ್ನೇ ಕೊಳ್ಳಿ. ಫೆಡರಲ್, ಹಾರ್ನಡಿ, ಪಿಪಿಯು ಮೂರೂ ಅಂಥದನ್ನು ಮಾಡುತ್ತವೆ.

ಉಜ್ಜುವ ಜಾಗ. ಇಷ್ಟಾದರೂ ಸರಿಹೋಗದಿದ್ದರೆ ಮರ ಕಳಚಿ. ಆಪ್ ರಾಡಿನ ಸ್ಪ್ರಿಂಗ್ ತೆಗೆದು ರಾಡನ್ನೊಂದನ್ನೇ ಜಾಗದಲ್ಲಿ ಕೂರಿಸಿ ನಳಿಗೆಯನ್ನು ಮೇಲಕ್ಕೆ, ಕೆಳಕ್ಕೆ ವಾಲಿಸಿ. ರಾಡು ತನ್ನ ತೂಕಕ್ಕೆ ತಾನೇ ಸರ್ರನೆ ಜಾರಬೇಕು. ಬೋಲ್ಟ್ ಸೇರಿಸಿಯೂ ಹಾಗೇ ನೋಡಿ, ಆಮೇಲೆ ಮರ ಹಾಕಿಯೂ ನೋಡಿ. ಯಾವ ಹಂತದಲ್ಲಿ ತಡೆಯುತ್ತದೋ ತೊಂದರೆ ಅಲ್ಲಿದೆ. ಮರ ಹಾಕಿದ ಮೇಲೆ ಮಾತ್ರ ತಡೆದರೆ ಮರದ ಒಳಮೈಯಲ್ಲಿ ಹೊಳೆಯುವ ಗೆರೆ ಇದ್ದೇ ಇರುತ್ತದೆ, ಟಾರ್ಚ್ ಬಿಟ್ಟು ನೋಡಿ. ಹೊಸ ಮರ ಹಾಕಿಸಿಕೊಂಡವರಿಗೆ ಇದು ಹೆಚ್ಚು. ಆ ಗೆರೆಯನ್ನಷ್ಟೇ ಮರಳುಕಾಗದದಲ್ಲಿ ತುಸು ತುಸು ಉಜ್ಜಿ, ಪ್ರತಿ ಸಲ ಜೋಡಿಸಿ ನೋಡಿ.

ರಾಡು ನೋಡಲು ಸೊಟ್ಟಗಿದೆ ಎಂದು ನೇರ ಮಾಡಲು ಹೋಗಬೇಡಿ! ಅದು ಹುಟ್ಟಿನಿಂದಲೇ ಹಾಗಿರುವುದು, ನಳಿಗೆಯ ಕೆಳಗಿನಿಂದ ಪಕ್ಕಕ್ಕೆ ತಿರುಗಿ ಬರಬೇಕಲ್ಲ. ಬೇಡದ ಕಡೆ ಬಾಗಿದೆಯೋ ಇಲ್ಲವೋ ಎಂಬುದನ್ನು ಬಲ್ಲವರೇ ಹೇಳಬೇಕು.

ಅಳತೆ. ಕೊನೆಗೆ ಸ್ಪ್ರಿಂಗ್, ಪಿಸ್ಟನ್. ಹೊರಗೆ ಬಿಟ್ಟ ಸ್ಪ್ರಿಂಗ್ ಸುಮಾರು 20 ಇಂಚು ಉದ್ದವಿರಬೇಕು. 19ಕ್ಕಿಂತ ಇಳಿದಿದ್ದರೆ ಬದಲಿಸಿ, ದುಬಾರಿಯೇನಲ್ಲ. ಹೊಸ ಪಿಸ್ಟನ್ನಿನ ದಪ್ಪ 0.526 ಇಂಚು. 0.525ಕ್ಕಿಂತ ಸವೆದಿದ್ದರೆ ಗ್ಯಾಸ್ ಪಕ್ಕದಿಂದ ನುಸುಳುತ್ತದೆ. ಈ ಅಳತೆಗೆ ಮೈಕ್ರೋಮೀಟರೇ ಬೇಕು. ಹೊಳಪು ಬರಲಿ ಎಂದು ಪಿಸ್ಟನ್ನಿಗೆ ಎಮರಿ ಕಾಗದ ಹಾಕಿದವರನ್ನು ಕಂಡಿದ್ದೇನೆ, ಹೊಳಪಿನ ಜೊತೆಗೆ ಆ ಒಂದು ಸಾವಿರಾಂಶವೂ ಹೋಗುತ್ತದೆ.

## 'ಆರು ಸರಿಯಾಗಿ ಹೋಗತ್ತೆ, ಏಳನೇದಕ್ಕೆ ಸಿಕ್ಕಿಕೊಳ್ಳತ್ತೆ'

ತೋಟೆಯ ಮೂತಿ ಮೇಲೆದ್ದು ಬೋಲ್ಟಿಗೂ ನಳಿಗೆಗೂ ಮಧ್ಯೆ ಒತ್ತಿಕೊಂಡು ನಿಲ್ಲುತ್ತದೆ, ಇಲ್ಲವೇ ಬೋಲ್ಟ್ ತೋಟೆಯ ಬೆನ್ನ ಮೇಲೆ ಹತ್ತಿಬಿಡುತ್ತದೆ. ಮೊದಲ ಗುಮಾನಿ ಕ್ಲಿಪ್ಪಿನ ಮೇಲೆ.

ಗ್ಯಾರಂಡಿನಲ್ಲಿ ಮ್ಯಾಗಜೀನ್ ತೆಗೆದು ಹಾಕುವಂಥದ್ದಲ್ಲ. 8 ತೋಟೆಗಳನ್ನು ಹಿಡಿದ ತಗಡಿನ ಕ್ಲಿಪ್ಪೇ ಇಡಿಯಾಗಿ ಒಳಗೆ ಹೋಗುತ್ತದೆ. ಎರಡೂ ತುದಿ ಒಂದೇ ಥರ, ತಲೆಕೆಳಗಾಗಿ ಹಾಕಿದರೂ ನಡೆಯುತ್ತದೆ. ಈ ತಗಡಿನ ತುಟಿ ಕೂದಲೆಳೆಯಷ್ಟು ಅಗಲವಾದರೂ ಕೊನೆಯ ಒಂದೆರಡು ತೋಟೆಗಳ ಹಿಡಿತ ತಪ್ಪುತ್ತದೆ. ಎಲ್ಲ ಕ್ಲಿಪ್ಪಿಗೂ ಮನೆಯಲ್ಲಿರುವ ನೇಲ್ ಪಾಲಿಶಿನಲ್ಲಿ ನಂಬರ್ ಬರೆಯಿರಿ. ಪ್ರತಿ ಸಲವೂ 5ನೇ ನಂಬರಿನದೇ ಸಿಕ್ಕಿಕೊಂಡರೆ ಅದನ್ನು ಕಸಕ್ಕೆ ಹಾಕಿ, ಕೋವಿಯನ್ನು ಬಯ್ಯಬೇಡಿ. ತುಕ್ಕು ಹಿಡಿದ, ಬಣ್ಣ ಬಳಿದ ಕ್ಲಿಪ್ಪುಗಳಿಗೂ ಇದೇ ಗತಿ.

ಯಾವ ಕ್ಲಿಪ್ ಹಾಕಿದರೂ ಹಾಗೇ ಆದರೆ ಮತ್ತೆ ಮೇಲಿನ ಭಾಗಕ್ಕೆ ಹೋಗಿ. ಬೋಲ್ಟ್ ತೋಟೆಯ ಬುಡದ ಹಿಂದಿನವರೆಗೂ ಹೋಗದಿದ್ದರೆ ಅದರ ಬೆನ್ನು ಹತ್ತದೆ ಇನ್ನೇನು ಮಾಡೀತು? ಹತ್ತರಲ್ಲಿ ಏಳೆಂಟು ಸಲ ಇದೂ ಗ್ಯಾಸು-ಗ್ರೀಸಿನ ಕಥೆಯೇ. ಉಳಿದದ್ದು ತೋಟೆಗಳನ್ನು ಮೇಲೆತ್ತುವ ಫಾಲೋವರ್, ಅದರ ತೋಳು, ಬುಲೆಟ್ ಗೈಡ್ ಇವುಗಳ ಸವೆತ. ಖಾಲಿ ಕೋವಿಯಲ್ಲಿ ಫಾಲೋವರನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಿಡಿ, ಹೆಬ್ಬೆರಳಿನ ಮಾತು ನೆನಪಿರಲಿ. ಟಪ್ಪನೆ ಮೇಲೆ ಬರಬೇಕು. ತೂಕಡಿಸುತ್ತ ಬಂದರೆ ಒಳಗೆ ಕೊಳೆ ಇದೆ ಅಥವಾ ತೋಳು ಬಾಗಿದೆ. ಈ ತೋಳುಗಳ ಹೊಂದಾಣಿಕೆ ಒಂದಕ್ಕೊಂದು ತಗಲಿಕೊಂಡಿರುವುದರಿಂದ ಬಗ್ಗಿಸಿ ಸರಿಮಾಡುವ ಸಾಹಸ ಬೇಡ.

ಕ್ಲಿಪ್ ಒತ್ತಿದ ಮೇಲೆ ಬೋಲ್ಟ್ ತಾನಾಗಿ ಮುಂದಕ್ಕೆ ಹೋಗದೆ ನಿಂತು, ಅಂಗೈಯಿಂದ ಹಿಡಿಗೆ ಒಂದು ತಟ್ಟಿದರೆ ಹೋಗುತ್ತದೆಯೇ? ಅದು ದೋಷವೇ ಅಲ್ಲ. ಹೊಸ ಕ್ಲಿಪ್ಪು ಬಿಗಿ ಇರುತ್ತದೆ, ಅಷ್ಟೇ.

## ಕ್ಲಿಪ್ ಗುಂಡಿನ ಸಮೇತ ಹಾರಿಹೋಗುವುದು, ಅಥವಾ ಹಾರದೇ ಕೂರುವುದು

ಎಂಟನೆಯ ಈಡಾದ ಮೇಲೆ ಕ್ಲಿಪ್ 'ಪಿಂಗ್' ಎಂದು ಹಾರಬೇಕು, ಬೋಲ್ಟ್ ತೆರೆದು ನಿಲ್ಲಬೇಕು. ಇನ್ನೂ ಎರಡು ಗುಂಡಿರುವಾಗಲೇ ಹಾರಿದರೆ ಮೊದಲು ನಿಮ್ಮ ಎಡಗೈ ಎಲ್ಲಿತ್ತು ನೋಡಿ. ಲ್ಯಾಚ್ ಇರುವುದು ಎಡಗಡೆ, ಬೆಂಚಿನ ಮೇಲೆ ಮರಳುಚೀಲಕ್ಕೋ ಹೆಬ್ಬೆರಳಿಗೋ ತಾಗಿದರೆ ಕ್ಲಿಪ್ ಬಿಡುಗಡೆಯಾಗುತ್ತದೆ. ಮರವೇ ಲ್ಯಾಚಿಗೆ ಒತ್ತುವುದೂ ಉಂಟು. ಆಮೇಲೆ ಲ್ಯಾಚಿನ ಸ್ಪ್ರಿಂಗ್ ಸೊರಗಿದೆಯೇ, ಕಚ್ಚುವ ಅಂಚು ಸವೆದಿದೆಯೇ ನೋಡಿ.

ಹಾರದೇ ಕೂತರೆ ಕ್ಲಿಪ್ ಎಜೆಕ್ಟರ್ ಎಂಬ ಸಣ್ಣ ಸ್ಪ್ರಿಂಗು ಮುರಿದಿರಬಹುದು ಅಥವಾ ಹಳೇ ಗ್ರೀಸಿನಲ್ಲಿ ಹೂತಿರಬಹುದು. ಖಾಲಿ ಕ್ಲಿಪ್ ಒಳಗಿದ್ದೂ ಬೋಲ್ಟ್ ಮುಚ್ಚಿಕೊಂಡರೆ ಮತ್ತೆ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿಲ್ಲ, ಮೇಲಿನದೇ ಕಥೆ.

## ಖಾಲಿ ತೋಟೆ ಒಳಗೇ ಕಚ್ಚಿಕೊಂಡಿದೆ

ರಾಡು ಹಿಂದೆ ಹೋಗಿದೆ, ಆದರೆ ಹಿತ್ತಾಳೆ ಚೇಂಬರಿನಲ್ಲೇ ಇದೆ. ತೋಟೆಯ ಅಂಚನ್ನು ನೋಡಿ. ಅಂಚು ಹರಿದಿದ್ದರೆ ತೋಟೆಯನ್ನು ಹಿಡಿದೆಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ತನ್ನ ಕೆಲಸ ಮಾಡಿದೆ, ಚೇಂಬರ್ ಬಿಡಲಿಲ್ಲ ಎಂದರ್ಥ. ಚೇಂಬರ್ ಬ್ರಷ್ ಹಾಕಿ ಚೆನ್ನಾಗಿ ತಿಕ್ಕಿ. ಅಂಚು ಹರಿಯದೆ ಹಾಗೇ ಇದ್ದರೆ ಎಕ್ಸ್‌ಟ್ರಾಕ್ಟರಿನ ಮೂಲೆ ಚಕ್ಕೆ ಹಾರಿರಬಹುದು, ಅದರ ಅಡಿಯ ಸ್ಪ್ರಿಂಗ್ ಸತ್ತಿರಬಹುದು.

ತೋಟೆಯ ತಲೆ ಮಾತ್ರ ಹೊರಬಂದು ದೇಹ ಒಳಗೇ ಉಳಿದರೆ ಅಲ್ಲಿಗೆ ನಿಲ್ಲಿಸಿ. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಹೆಚ್ಚಾಗಿದೆಯೇ ಎಂದು ಗೇಜ್ ಹಾಕಿ ನೋಡುವವರೆಗೆ ಇನ್ನೊಂದು ಈಡು ಬೇಡ. ಒಂದೇ ಹಿತ್ತಾಳೆಗೆ ಪದೇಪದೇ ಮದ್ದು ತುಂಬುವವರಿಗೆ ಇದು ಹೆಚ್ಚು ಕಾಣುತ್ತದೆ. ಈ ಕೋವಿ ಹಿತ್ತಾಳೆಯನ್ನು ಮೃದುವಾಗಿ ನಡೆಸಿಕೊಳ್ಳುವುದಿಲ್ಲ.

## ಟ್ರಿಗರ್ ಎಳೆದರೆ 'ಟಕ್', ಅಷ್ಟೇ

ಕೋವಿಯ ಮೂತಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಹಾಗೇ ಹಿಡಿದಿರಿ. ಕೇಪು ತಡವಾಗಿ ಹತ್ತಿಕೊಳ್ಳುವುದುಂಟು. ಆಮೇಲೆ ತೆಗೆದು ಕೇಪಿನ ಮೇಲಿನ ಗುಳಿ ನೋಡಿ.

ಗುಳಿ ಆಳವಾಗಿದ್ದರೆ ತೋಟೆಯದೇ ತಪ್ಪು. ಗುಳಿ ತೆಳುವಾಗಿದ್ದರೆ ಬೋಲ್ಟ್ ಪೂರ್ತಿ ಮುಚ್ಚಿಕೊಂಡಿತ್ತೇ ಎಂದು ಯೋಚಿಸಿ. ಬೋಲ್ಟ್ ಕೊನೆಯವರೆಗೂ ತಿರುಗಿ ಕೂರದಿದ್ದರೆ ಕುದುರೆಯ ಏಟು ಕೇಪಿಗೆ ಬಡಿಯುವ ಫೈರಿಂಗ್ ಪಿನ್ನಿಗೆ ಸರಿಯಾಗಿ ಬೀಳುವುದಿಲ್ಲ. ಕೊಳೆ ಚೇಂಬರು, ಉಬ್ಬಿದ ತೋಟೆ, ದಣಿದ ಸ್ಪ್ರಿಂಗ್ ಮೂರೂ ಇದಕ್ಕೆ ಕಾರಣವಾಗುತ್ತವೆ. ಚಳಿಗಾಲದಲ್ಲಿ ಇನ್ನೊಂದಿದೆ: ಉತ್ಸಾಹದಲ್ಲಿ ಬೋಲ್ಟಿನ ಒಳಗೂ ಗ್ರೀಸ್ ತುಂಬಿದರೆ ಜನವರಿಯ ಓಹಾಯೋದಲ್ಲಿ ಅದು ಮೇಣದಂತೆ ಗಟ್ಟಿಯಾಗಿ ಫೈರಿಂಗ್ ಪಿನ್ನನ್ನು ಹಿಡಿದುಬಿಡುತ್ತದೆ. ಪಿನ್ ಓಡಾಡುವ ಜಾಗ ಒಣಗಿರಲಿ.

'ಟಕ್' ಬದಲು 'ಪುಸ್' ಎಂಬ ಸಣ್ಣ ಸದ್ದು ಬಂದು ಭುಜಕ್ಕೆ ಏಟೇ ತಾಗದಿದ್ದರೆ ಗುಂಡು ನಳಿಗೆಯ ನಡುವೆ ನಿಂತಿರಬಹುದು. ಮುಂದಿನ ಗುಂಡು ಹಾರಿಸಿದಿರೋ ನಳಿಗೆ ಸೀಳುತ್ತದೆ. ಖಾಲಿ ಮಾಡಿ, ಬೋಲ್ಟ್ ತೆರೆದಿಟ್ಟು, ರೇಂಜಿನ ಅಧಿಕಾರಿಯನ್ನು ಕರೆಯಿರಿ.

## ಟ್ರಿಗರ್ ಮುಟ್ಟದೆ ಈಡು ಹಾರಿತು, ಅಥವಾ ಒಂದಕ್ಕೆ ಎರಡು ಹಾರಿದವು

ಇವೆರಡೂ ಬೇರೆ ಬೇರೆ ರೋಗ. ಎರಡರಲ್ಲೂ ಆ ದಿನದ ಶೂಟಿಂಗ್ ಅಲ್ಲಿಗೆ ಮುಗಿಯಿತು.

ಬೋಲ್ಟ್ ಮುಚ್ಚಿಕೊಳ್ಳುವಾಗಲೇ ಹಾರಿದರೆ ಅದು ಸ್ಲ್ಯಾಮ್ ಫೈರ್. ಗ್ಯಾರಂಡಿನ ಫೈರಿಂಗ್ ಪಿನ್ನಿಗೆ ಹಿಂದಕ್ಕೆ ಎಳೆದಿಡುವ ಸ್ಪ್ರಿಂಗಿಲ್ಲ, ಅದು ಬೋಲ್ಟಿನಲ್ಲಿ ಸಡಿಲವಾಗಿ ಓಡಾಡುತ್ತಿರುತ್ತದೆ. ಬೋಲ್ಟ್ ಮುಂದಕ್ಕೆ ಬಡಿದಾಗ ಕೇಪಿಗೆ ಮೆಲ್ಲಗೆ ತಾಗಿ ಚುಕ್ಕೆಯಷ್ಟು ಗುರುತು ಬಿಡುತ್ತದೆ. ಹಾರಿಸದೇ ತೆಗೆದ ತೋಟೆಯ ಮೇಲೆ ಆ ಚುಕ್ಕೆ ಕಂಡರೆ ಗಾಬರಿ ಬೇಡ, ಎಲ್ಲ ಗ್ಯಾರಂಡಿನದೂ ಹಾಗೇ. ಮೃದು ಕೇಪು, ಪೂರ್ತಿ ಒಳಗೆ ಕೂರದೆ ಎದ್ದು ನಿಂತ ಕೇಪು, ಗಲೀಜು ಬೋಲ್ಟು ಇವುಗಳಲ್ಲೊಂದು ಸೇರಿಕೊಂಡಾಗ ಚುಕ್ಕೆಯೇ ಕಿಡಿಯಾಗುತ್ತದೆ. ಬೋಲ್ಟ್ ಪೂರ್ತಿ ಕಚ್ಚಿಕೊಳ್ಳುವ ಮುಂಚೆ ಹಾಗಾದರೆ ರಿಸೀವರಿನ ಹಿಂಭಾಗ ಒಡೆದು ಮುಖದ ಕಡೆಗೆ ಬಂದೀತು.

ಅದಕ್ಕೇ ಒಂಟಿ ತೋಟೆಯನ್ನು ಕೈಯಲ್ಲಿ ಚೇಂಬರಿಗೆ ಹಾಕಿ ಬೋಲ್ಟನ್ನು ಹಾಗೇ ಬಿಟ್ಟುಬಿಡುವ ಅಭ್ಯಾಸ ಬೇಡವೇ ಬೇಡ. ಕ್ಲಿಪ್ಪಿನಿಂದ ಏರುವಾಗ ತೋಟೆಯನ್ನು ತಳ್ಳುವುದರಲ್ಲೇ ಬೋಲ್ಟಿನ ವೇಗ ಸ್ವಲ್ಪ ತಗ್ಗುತ್ತದೆ, ಖಾಲಿ ದಾರಿಯಲ್ಲಿ ತಗ್ಗುವುದಿಲ್ಲ. ಒಂದೊಂದೇ ಹಾರಿಸುವವರು ಅದಕ್ಕೆಂದೇ ಬರುವ ಒಂಟಿ ತೋಟೆಯ ಕ್ಲಿಪ್ ಬಳಸಲಿ. ಕೈಯಲ್ಲಿ ತೋಟೆ ತುಂಬುವವರು ಸಿಸಿಐ 34 ಥರದ ಸೇನೆಯ ಮಾದರಿಯ ಗಟ್ಟಿ ಕೇಪು ಬಳಸಿ, ಕೂರಿಸಿದ ಮೇಲೆ ಪ್ರತಿಯೊಂದರ ಬುಡವನ್ನೂ ಬೆರಳಿನಿಂದ ಸವರಿ ನೋಡಿ.

ಒಂದು ಎಳೆತಕ್ಕೆ ಎರಡು ಹಾರುವುದು ಇನ್ನೊಂದು ರೋಗ. ಕೆಲವೊಮ್ಮೆ ಬೆಂಚಿನ ಮೇಲೆ ಸಡಿಲವಾಗಿ ಹಿಡಿದಾಗ ಕೋವಿಯ ಒದೆತಕ್ಕೆ ಬೆರಳೇ ಎರಡನೇ ಸಲ ಎಳೆದಿರುತ್ತದೆ. ಖಾಲಿ ಕೋವಿಯಲ್ಲಿ ಹೀಗೆ ನೋಡಿ: ಟ್ರಿಗರ್ ಎಳೆದು ಹಾಗೇ ಹಿಡಿದಿರಿ, ಇನ್ನೊಂದು ಕೈಯಿಂದ ಬೋಲ್ಟ್ ಹಿಂದಕ್ಕೆಳೆದು ಬಿಡಿ, ಆಮೇಲೆ ಟ್ರಿಗರನ್ನು ನಿಧಾನ ಬಿಡಿ. ಸಣ್ಣದೊಂದು 'ಕ್ಲಿಕ್' ಕೇಳಬೇಕು, ಕುದುರೆ ಬೀಳಬಾರದು. ಹತ್ತು ಸಲ ಮಾಡಿ. ಒಂದೇ ಸಲ ಬಿದ್ದರೂ ಕುದುರೆಯ ಕೊಕ್ಕೆ ಅಥವಾ ಅದನ್ನು ಹಿಡಿದಿಡುವ ಸಿಯರ್ ಸವೆದಿದೆ. ಅವುಗಳಿಗೆ ಕಲ್ಲು ಹಾಕಿ ಉಜ್ಜುವ ವಿಡಿಯೋಗಳು ಬೇಕಾದಷ್ಟಿವೆ, ನೋಡಿ ಮಾಡಬೇಡಿ. ಮೇಲುಗಟ್ಟಿ ಪದರ ತೆಳ್ಳಗೆ, ಉಜ್ಜಿದರೆ ಹೋಯಿತು. ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಹಾರುವುದನ್ನು ಅಮೆರಿಕದ ಕಾನೂನು ಮಷಿನ್ ಗನ್ ಎನ್ನುತ್ತದೆ, ಆದ್ದರಿಂದ ಹಾಗೇ ಬಿಟ್ಟುಕೊಂಡು ಹಾರಿಸುವುದು ಬರೀ ಅಪಾಯದ ಮಾತಷ್ಟೇ ಅಲ್ಲ.

## ಗುರಿ ಚದುರುತ್ತಿದೆ

ಮೊದಲು ಗುರಿ ಹಿಡಿಯುವ ಸೈಟ್. ಎಡಗಡೆಯ ಗುಬುಟನ್ನು ತಿರುಗಿಸಿ ಹಿಂದಿನ ಸೈಟನ್ನು ಹತ್ತು ಕ್ಲಿಕ್ ಮೇಲೇರಿಸಿ, ಹೆಬ್ಬೆರಳಿನಿಂದ ಬಲವಾಗಿ ಕೆಳಕ್ಕೆ ಒತ್ತಿ. ಕುಸಿಯಬಾರದು. ಕುಸಿದರೆ ಪ್ರತಿ ಈಡಿಗೂ ಹಾಗೇ ಕುಸಿಯುತ್ತಿದೆ. ಸೈಟಿನ ಬಿಗಿ ಸರಿಮಾಡಿ. ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಸುಮಾರು ಒಂದು ಇಂಚು ಸರಿಯಬೇಕು.

ಎರಡನೆಯದು ಟ್ರಿಗರ್ ಗಾರ್ಡ್. ಅದನ್ನು ಮುಚ್ಚುವಾಗ ಕೊನೆಯಲ್ಲಿ ಗಟ್ಟಿಯಾಗಿ ಒತ್ತಿ ಕೂರಿಸುವಂತಿರಬೇಕು. ಹಳೇ ಗೋದ್ರೇಜ್ ಬೀರುವಿನ ಬಾಗಿಲಿನಂತೆ ತಾನೇ ಮುಚ್ಚಿಕೊಂಡರೆ ಮರ ಕುಗ್ಗಿದೆ, ಕೋವಿ ಮರದೊಳಗೆ ಅಲುಗಾಡುತ್ತಿದೆ. ಪ್ರತಿ ಸಲ ಪೂರ್ತಿ ಬಿಚ್ಚಿ ಚೊಕ್ಕ ಮಾಡುವ ಶಿಸ್ತಿನವರಿಗೇ ಇದು ಬೇಗ ಬರುವುದು! ಬಿಚ್ಚುವುದು ಕಡಿಮೆ ಮಾಡಿ. ಆಮೇಲೆ ಮೂತಿಯ ಗ್ಯಾಸ್ ಸಿಲಿಂಡರ್ ಪಕ್ಕಕ್ಕೆ ಅಲುಗುತ್ತದೆಯೇ ನೋಡಿ. ಮುಂದಿನ ಸೈಟ್ ಅದರ ಮೇಲೆಯೇ ಕೂತಿರುವುದು, ಅದು ಅಲುಗಿದರೆ ಗುರಿಯೂ ಅಲುಗುತ್ತದೆ.

ನಳಿಗೆಯ ಸವೆತ ಕೊನೆಗೆ. ಗ್ಯಾರಂಡಿನ ನಳಿಗೆಯನ್ನು ಹಿಂದಿನಿಂದ ತಿಕ್ಕಲು ಬರುವುದಿಲ್ಲ, ಮೂತಿಯಿಂದಲೇ ಸರಳು ಹಾಕಬೇಕು. ಸೈನಿಕರು ವರ್ಷಗಟ್ಟಲೆ ಉಕ್ಕಿನ ಸರಳು ಎಳೆದಾಡಿ ಮೂತಿಯನ್ನೇ ಅಗಲ ಮಾಡಿದ್ದುಂಟು. ಇದಕ್ಕೆ ಗೇಜ್ ಬೇಕು. ಇಲ್ಲಿನ ಎರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುತ್ತ ಬಂದಿವೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಗೇಜ್ ಜೇಬಿನಲ್ಲಿಟ್ಟುಕೊಂಡು ತಿರುಗುವ ಅಜ್ಜಂದಿರು ಸಿಗುತ್ತಾರೆ, ಕೇಳಿದರೆ ಖುಷಿಯಿಂದ ಹಾಕಿ ತೋರಿಸುತ್ತಾರೆ.

## ಒರೆಸಿಟ್ಟರೂ ಎರಡೇ ದಿನಕ್ಕೆ ತುಕ್ಕು

ಹಾರಿಸಿದ್ದು ಯಾವ ಗುಂಡು? 1950ರ ದಶಕದ ಆರಂಭಕ್ಕಿಂತ ಹಿಂದಿನ ಸೇನೆಯ 30-06 ತೋಟೆಗಳ ಕೇಪು ಹೆಚ್ಚಾಗಿ ಉಪ್ಪು ಬಿಡುವಂಥದ್ದು. ಆ ಉಪ್ಪು ಗಾಳಿಯ ತೇವ ಹೀರಿ ನಳಿಗೆ ತಿನ್ನುತ್ತದೆ. ಉಪ್ಪು ಕರಗುವುದು ನೀರಿಗೆ, ಎಣ್ಣೆಗಲ್ಲ. ಹಾಗಾಗಿ ಮೊದಲು ಬಿಸಿನೀರಿನ ಬಟ್ಟೆ ನಾಲ್ಕು ಸಲ ಎಳೆದು, ಒಣಗಿಸಿ, ಆಮೇಲೆ ಎಣ್ಣೆ. ಗ್ಯಾಸ್ ಸಿಲಿಂಡರಿನ ತಿರುಪು, ಲಾಕು, ಬೋಲ್ಟಿನ ಮುಖ ಇವಕ್ಕೂ ಅದೇ ಸ್ನಾನ. ಆಯುಧ ಪೂಜೆಯ ಮಾರನೇ ದಿನವೂ ಇದೇ ಕೆಲಸ: ಒದ್ದೆ ಕುಂಕುಮ, ಅರಿಶಿನ, ತೆಂಗಿನಕಾಯಿ ನೀರು ಉಕ್ಕಿನ ಮೇಲೆ ಒಣಗಲು ಬಿಡಬೇಡಿ. ನಾನು ಮರಕ್ಕೊಂದು ಬೊಟ್ಟಿಟ್ಟು ಸುಮ್ಮನಾಗುತ್ತೇನೆ.

## ಕೈ ಎತ್ತಿ ಗನ್‌ಸ್ಮಿತ್ ಹತ್ತಿರ ಹೋಗಬೇಕಾದದ್ದು

ಹೆಡ್‌ಸ್ಪೇಸ್ ಅಳೆಯುವ ಫೀಲ್ಡ್ ಗೇಜ್ ಹಾಕಿದಾಗಲೂ ಬೋಲ್ಟ್ ಮುಚ್ಚಿಕೊಂಡರೆ. ಹಾರಿಸುವಾಗ ಆಪ್ ರಾಡು ತನ್ನ ಕಾಲುವೆ ಬಿಟ್ಟು ಹೊರಗೆ ನೆಗೆದರೆ. ರಾಡಿನ ಹಿಡಿಯ ಮೂಲೆಯಲ್ಲಿ, ಬೋಲ್ಟಿನ ಕಿವಿಯ ಬುಡದಲ್ಲಿ ಕೂದಲಿನಂಥ ಬಿರುಕು ಕಂಡರೆ. ಸ್ಲ್ಯಾಮ್ ಫೈರ್ ಒಂದೇ ಒಂದು ಸಲ ಆಗಿದ್ದರೂ ಸರಿ.

ಇನ್ನು ಕಡಿಮೆಗೆ ಸಿಕ್ಕಿತೆಂದು ಗನ್ ಶೋದಲ್ಲಿ ಕೊಂಡ ಕೋವಿ. ಹಿಂದೆ ಸೇನೆ ಕೆಲಸಕ್ಕೆ ಬಾರದ ರಿಸೀವರುಗಳನ್ನು ಎರಡು ತುಂಡು ಮಾಡಿ ಗುಜರಿಗೆ ಹಾಕಿತ್ತು. ಆ ತುಂಡುಗಳನ್ನು ಬೆಸುಗೆ ಹಾಕಿ ಕೂಡಿಸಿ ಮಾರಿದವರಿದ್ದರು. ಅಂಥವು ಇವತ್ತಿಗೂ ಕೈ ಬದಲಾಗುತ್ತಿವೆ. ಮರ ಕಳಚಿ ರಿಸೀವರಿನ ನಡುಭಾಗವನ್ನು ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಿ. ಬಣ್ಣ ಒಂದೇ ಸಮ ಇಲ್ಲದೆ ಪಟ್ಟೆ ಕಂಡರೆ, ಒಳಗೋಡೆಯಲ್ಲಿ ಅರದ ಗೀರು ಅಥವಾ ಸಣ್ಣ ಗುಳಿಗಳಿದ್ದರೆ, ಬಲ್ಲವರಿಗೆ ತೋರಿಸುವವರೆಗೆ ಒಂದು ಈಡೂ ಬೇಡ. ಕವಾಯತಿಗೆಂದು ನಳಿಗೆಗೇ ಬೆಸುಗೆ ಹಾಕಿದ ಡ್ರಿಲ್ ರೈಫಲ್ಲುಗಳನ್ನೂ ಮತ್ತೆ ಜೀವಂತ ಮಾಡಲು ಹೋಗಬೇಡಿ. ಬೆಸುಗೆಯ ಬಿಸಿಗೆ ಉಕ್ಕಿನ ಹದ ಕೆಟ್ಟಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಗನ್‌ಸ್ಮಿತ್ ಹತ್ತಿರ ಹೋಗುವಾಗ ಬರೀ ಕೋವಿ ಒಯ್ಯಬೇಡಿ. ತೊಂದರೆ ಕೊಟ್ಟ ಕ್ಲಿಪ್ಪು, ಗುಂಡಿನ ಡಬ್ಬಿಯ ಮೇಲಿನ ಚೀಟಿ, ಆ ದಿನದ ಖಾಲಿ ತೋಟೆಗಳು ಒಂದು ಚೀಲದಲ್ಲಿರಲಿ. ಎಷ್ಟನೆಯ ಈಡಿಗೆ, ಯಾವ ನಂಬರಿನ ಕ್ಲಿಪ್ಪಿನಲ್ಲಿ, ಖಾಲಿ ತೋಟೆ ಯಾವ ಕಡೆ ಬಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಗನ್‌ಸ್ಮಿತ್ ಕೋವಿ ಮುಟ್ಟುವ ಮುಂಚೆ ಆ ಹಿತ್ತಾಳೆಗಳನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಉರುಳಿಸಿ ನೋಡುತ್ತಾನೆ.